ಕತ್ತರಿಯಾಡಿದ ನೆಲ

ನವೆಂಬರ್ 1ರಂದು ನಾವು ಹಳದಿ-ಕೆಂಪು ಬಾವುಟ ಏರಿಸುವ ಹೊತ್ತಿಗೆ, ಇಲ್ಲಿಂದ ಬಲು ದೂರದ ಇನ್ನೊಂದು ಜಿಲ್ಲೆಯೂ ಅದೇ ದಿನವನ್ನು ತನ್ನ ಹುಟ್ಟುಹಬ್ಬ ಎಂದು ನೆನೆಯುತ್ತದೆ. ಬೆಂಗಳೂರಿನಿಂದ ಈಶಾನ್ಯಕ್ಕೆ ಭೂಪಟದ ಮೇಲೆ ನೇರ ಗೆರೆ ಎಳೆದರೆ ಸುಮಾರು 1,500 ಕಿಲೋಮೀಟರ್. ಪಶ್ಚಿಮ ಬಂಗಾಳದ ಪಡುವಣ ಅಂಚಿನಲ್ಲಿ, ಜಾರ್ಖಂಡದ ಬೆಟ್ಟಗಳಿಗೆ ಒರಗಿ ಕೂತಿರುವ ಪುರುಲಿಯಾ ಅದು. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡದ ನೆಲ ಒಂದಾಯಿತಲ್ಲ, ಅದೇ ದಿನ ಬಿಹಾರದ ಮಾನಭೂಮ್ ಜಿಲ್ಲೆಯ ಒಂದು ಭಾಗ ಕಳಚಿಕೊಂಡು ಬಂಗಾಳಕ್ಕೆ ಸೇರಿತು. ನಮ್ಮದಕ್ಕೆ ರಾಜ್ಯ ಪುನರ್ವಿಂಗಡಣಾ ಕಾಯ್ದೆ. ಅವರದಕ್ಕೆ ಬೇರೆಯದೇ ಒಂದು ಕಾಯ್ದೆ, ಬಿಹಾರ-ಪಶ್ಚಿಮ ಬಂಗಾಳದ ನಡುವೆ ನೆಲ ವರ್ಗಾಯಿಸಲೆಂದೇ ಮಾಡಿದ್ದು. ಕಾಯ್ದೆ ಎರಡು, ತಾರೀಖು ಒಂದು.

ನಮ್ಮ ಪತ್ರಿಕೆ ಓದುಗರಿಗೆ ಪುರುಲಿಯಾ ಹೆಸರು ನೆನಪಿದ್ದರೆ ಅದು ಬೇರೊಂದು ಕಾರಣಕ್ಕೆ. 1995ರ ಡಿಸೆಂಬರ್ 17ರ ರಾತ್ರಿ ವಿದೇಶಿ ವಿಮಾನವೊಂದು ಇಲ್ಲಿನ ಹಳ್ಳಿಗಳ ಮೇಲೆ ಪ್ಯಾರಾಚೂಟ್ ಕಟ್ಟಿದ ಪೆಟ್ಟಿಗೆಗಳನ್ನು ಉದುರಿಸಿ ಹೋಯಿತು. ಬೆಳಿಗ್ಗೆ ಎದ್ದವರಿಗೆ ಹೊಲದಲ್ಲಿ ಸಿಕ್ಕಿದ್ದು ಎಕೆ-47 ಬಂದೂಕು, ಗುಂಡು. ವಾರಗಟ್ಟಲೆ ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಅದೇ. ಯಾರಿಗಾಗಿ ಉದುರಿಸಿದರು ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಆ ಊರಿನ ಕತೆ ಅದಲ್ಲ. ಆಕಾಶದಿಂದ ಬಿದ್ದದ್ದಕ್ಕಿಂತ ಕಾಗದದ ಮೇಲೆ ಎಳೆದ ಗೆರೆಗಳೇ ಈ ನೆಲವನ್ನು ಹೆಚ್ಚು ಕಾಡಿವೆ.

ಮೊದಲ ಗೆರೆ 1805ರದು. ಬೀರಭೂಮ್, ಬರ್ದ್ವಾನ್, ಮಿದ್ನಾಪುರ ಜಿಲ್ಲೆಗಳ ಕಾಡಂಚಿನ ಪರಗಣಗಳನ್ನು ಒಟ್ಟುಗೂಡಿಸಿ ಈಸ್ಟ್ ಇಂಡಿಯಾ ಕಂಪನಿ 'ಜಂಗಲ್ ಮಹಲ್' ಎಂಬ ಜಿಲ್ಲೆ ಮಾಡಿತು. ಹೆಸರಲ್ಲೇ ಅಸಡ್ಡೆ ಇದೆ: ಕಾಡಿನ ಕಂದಾಯದ ಸೀಮೆ, ಅಷ್ಟೆ. ಅಲ್ಲಿನ ಭೂಮಿಜರು, ಘಟ್ಟದ ದಾರಿ ಕಾಯುವುದಕ್ಕಾಗಿ ಜಮೀನು ಪಡೆದಿದ್ದ ಘಾಟ್ವಾಲರು, ಸಣ್ಣ ಪುಟ್ಟ ರಾಜರು ಕಂಪನಿಯ ಕಂದಾಯಕ್ಕೂ ಹರಾಜಿಗೂ ಒಗ್ಗಲಿಲ್ಲ. 1832ರಲ್ಲಿ ಬಡಾಭೂಮ್ ಸಂಸ್ಥಾನದ ಉತ್ತರಾಧಿಕಾರದ ಜಗಳ ದಂಗೆಯಾಗಿ ಸಿಡಿಯಿತು. ಮುಂದಾಳು ಗಂಗಾನಾರಾಯಣ ಸಿಂಗ್. ದಂಗೆ ಅಡಗಿಸಲು ಕಂಪನಿಗೆ ವರ್ಷ ಹಿಡಿಯಿತು. ಅಡಗಿದ ಮೇಲೆ ಜಂಗಲ್ ಮಹಲನ್ನೇ ಅಳಿಸಿ 1833ರಲ್ಲಿ ಮಾನಭೂಮ್ ಎಂಬ ಹೊಸ ಜಿಲ್ಲೆ ಬರೆದರು. ಕೇಂದ್ರ ಮೊದಲು ಮಾನ್‌ಬಜಾರ್, 1838ರಿಂದ ಪುರುಲಿಯಾ.

ಹುಟ್ಟಿದಾಗ ಮಾನಭೂಮ್‌ನ ಹರವು 7,896 ಚದರ ಮೈಲಿ. ನಮ್ಮ ಬೆಳಗಾವಿ ಜಿಲ್ಲೆಯ ಒಂದೂವರೆ ಪಟ್ಟು ಎನ್ನಿ. ಆಮೇಲೆ ಶುರುವಾಯಿತು ಕತ್ತರಿ ಕೆಲಸ. ಧಾಲ್‌ಭೂಮ್ ಸಿಂಗ್‌ಭೂಮ್‌ಗೆ ಹೋಯಿತು, ಸುಪುರ, ರಾಯಪುರ, ಅಂಬಿಕಾನಗರಗಳು ಬಾಂಕುರಾಕ್ಕೆ ಹೋದವು. 1879ರ ಹೊತ್ತಿಗೆ ಉಳಿದದ್ದು 4,112 ಚದರ ಮೈಲಿ. ಇಂದಿನ ಪುರುಲಿಯಾ 6,259 ಚದರ ಕಿಲೋಮೀಟರ್, ಹಾಸನ ಜಿಲ್ಲೆಗಿಂತ ತುಸು ಚಿಕ್ಕದು. ಹುಟ್ಟಿದಾಗಿನ ಮೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಎಲ್ಲರೂ ತಮಗೆ ಬೇಕಾದ್ದು ತೆಗೆದುಕೊಂಡು ಹೋದ ಮೇಲೆ ಉಳಿದದ್ದೇ ಈ ಜಿಲ್ಲೆ.

ಆಡಳಿತದ ಕುತೂಹಲ ಇರುವವರಿಗೆ ಇಲ್ಲೊಂದು ಸಣ್ಣ ಸಂಗತಿ. ಬಂಗಾಳದ ಜಿಲ್ಲೆಗಳ ಮುಖ್ಯಸ್ಥ 'ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟ್'. ಆದರೆ ಮಾನಭೂಮ್ ಛೋಟಾನಾಗ್ಪುರದ ಆಡಳಿತಕ್ಕೆ ಸೇರಿದ್ದರಿಂದ ಅಲ್ಲಿದ್ದವನು 'ಡೆಪ್ಯುಟಿ ಕಮಿಷನರ್'. ನಾವು ಈಗಲೂ 'ಡಿಸಿ ಆಫೀಸು' ಎನ್ನುತ್ತೇವಲ್ಲ, ಅದೇ ಡಿಸಿ. ಕಂಪನಿಯ ಸಾಮಾನ್ಯ ಕಟ್ಟಳೆಗಳು ಪೂರ್ತಿ ಅನ್ವಯವಾಗದ, ಒಬ್ಬನೇ ಅಧಿಕಾರಿಯ ಕೈಗೆ ಕಂದಾಯ-ನ್ಯಾಯ-ಪೊಲೀಸು ಮೂರನ್ನೂ ಕೊಟ್ಟ ಸೀಮೆಗಳಲ್ಲಿ ಬೆಳೆದ ಹುದ್ದೆ ಅದು. ಕಮಿಷನರುಗಳ ಆಳ್ವಿಕೆಯಲ್ಲಿದ್ದ ಮೈಸೂರಿಗೂ ಹಾಗೇ ಬಂತು, ಛೋಟಾನಾಗ್ಪುರದ ಕಾಡುಗಳಿಗೂ ಹಾಗೇ ಹೋಯಿತು. ಬಂಗಾಳಕ್ಕೆ ಸೇರಿದ ಪುರುಲಿಯಾದಲ್ಲಿ ಈಗ ಡಿಎಂ. ಗಡಿಯಾಚೆಯ ಜಾರ್ಖಂಡದಲ್ಲಿ ಇಂದಿಗೂ ಡಿಸಿ.

1911ರ ದೆಹಲಿ ದರ್ಬಾರಿನಲ್ಲಿ ಬಂಗಾಳದ ವಿಭಜನೆಯನ್ನು ರದ್ದು ಮಾಡಿದ್ದು ನಮ್ಮ ಪಠ್ಯಪುಸ್ತಕಗಳಲ್ಲಿ ಗೆಲುವಿನ ಕತೆ. ಢಾಕಾ ಮತ್ತು ಕಲ್ಕತ್ತಾ ಮತ್ತೆ ಒಂದಾದವು, ನಿಜ. ಅದೇ ಏಟಿಗೆ 1912ರಲ್ಲಿ ಬಿಹಾರ-ಒರಿಸ್ಸಾ ಎಂಬ ಹೊಸ ಪ್ರಾಂತ್ಯ ಎದ್ದಿತು, ಬಂಗಾಳಿ ಮಾತಾಡುವ ಮಾನಭೂಮ್ ಅದರ ಪಾಲಾಯಿತು. ಗೆಲುವಿನ ಮೆರವಣಿಗೆಯಲ್ಲಿ ಇದನ್ನು ಗಮನಿಸಿದವರು ಕಡಿಮೆ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಭಾಷಾವಾರು ಪ್ರಾಂತ್ಯ ಸಮಿತಿಗಳನ್ನು ಒಪ್ಪಿದಾಗ ಕನ್ನಡಿಗರಿಗೆ ಕರ್ನಾಟಕ ಪ್ರಾಂತ್ಯ ಕಾಂಗ್ರೆಸ್ ಸಿಕ್ಕಿತು, ಆಸೆಗೊಂದು ಮನೆ ಸಿಕ್ಕಂತಾಯಿತು. ಮಾನಭೂಮ್‌ನವರು ಬಿಹಾರದ ಸಮಿತಿಯಲ್ಲೇ ಉಳಿದರು.

ಉಳಿದು ಸ್ವಾತಂತ್ರ್ಯಕ್ಕಾಗಿ ದುಡಿದರು. ನಿವಾರಣಚಂದ್ರ ದಾಸಗುಪ್ತ ಎಂಬ ಗಾಂಧಿವಾದಿ 1925ರಲ್ಲಿ 'ಮುಕ್ತಿ' ಎಂಬ ವಾರಪತ್ರಿಕೆ ಶುರುಮಾಡಿದರು. ಅವರ ಜೊತೆಗೆ ವಕೀಲಿ ಬಿಟ್ಟು ಬಂದ ಅತುಲಚಂದ್ರ ಘೋಷ್, ಅವರ ಹೆಂಡತಿ ಲಾವಣ್ಯಪ್ರಭಾ. ಸ್ವಾತಂತ್ರ್ಯ ಬಂತು. ಅದರ ಬೆನ್ನಿಗೇ ಶಾಲೆಗಳಲ್ಲಿ, ಕಚೇರಿಗಳಲ್ಲಿ ಬಂಗಾಳಿ ಹಿಂದೆ ಸರಿದು ಹಿಂದಿ ಮುಂದೆ ಬರತೊಡಗಿತು. ಜಿಲ್ಲಾ ಕಾಂಗ್ರೆಸ್ಸಿನಲ್ಲಿ ಭಾಷೆಯ ಪ್ರಸ್ತಾವ ತಂದರು, ಸೋತರು. ಸೋತವರು ಪಕ್ಷ ಬಿಟ್ಟು 1948ರ ಜೂನ್ 14ರಂದು ಪಾಕಬಿಡ್ರಾ ಎಂಬ ಹಳ್ಳಿಯಲ್ಲಿ ಲೋಕ ಸೇವಕ ಸಂಘ ಕಟ್ಟಿದರು. ಗಾಂಧೀಜಿ ಕೊನೆಯ ದಿನಗಳಲ್ಲಿ ಕಾಂಗ್ರೆಸ್ಸನ್ನು ವಿಸರ್ಜಿಸಿ ಲೋಕ ಸೇವಕ ಸಂಘ ಮಾಡಿ ಎಂದು ಬರೆದಿಟ್ಟಿದ್ದರಲ್ಲ. ಅದನ್ನು ಹೆಸರಿನ ಮಟ್ಟಿಗಾದರೂ ನಡೆಸಿಕೊಟ್ಟವರು ಈ ಮೂಲೆಯ ಜನ. 1952ರ ಮೊದಲ ಚುನಾವಣೆಯಲ್ಲಿ ಈ ಪುಟ್ಟ ಸಂಘ ಎರಡು ಲೋಕಸಭಾ ಸ್ಥಾನ ಗೆದ್ದಿತು.

ಈ ಹೋರಾಟಕ್ಕೆ ಸಿಕ್ಕ ಆಯುಧ ಒಂದು ಹೆಣ್ಣುಮಕ್ಕಳ ಹಬ್ಬ. ಅಗ್ರಹಾಯಣ ಮಾಸ ಮುಗಿಯುವ ದಿನ ಮನೆಯ ಹುಡುಗಿಯರು ಮಣ್ಣಿನ ತಟ್ಟೆಯಲ್ಲಿ ಅಕ್ಕಿ ತೌಡು, ಸಗಣಿ ಉಂಡೆ, ಹೂವು ಇಟ್ಟು 'ಟುಸು'ವನ್ನು ಕೂರಿಸುತ್ತಾರೆ. ಪೌಷ ಮಾಸವಿಡೀ ಸಂಜೆ ಹಾಡು. ಮಕರ ಸಂಕ್ರಾಂತಿಯ ದಿನ ಬಿದಿರು, ಬಣ್ಣದ ಕಾಗದದಿಂದ ಕಟ್ಟಿದ 'ಚೌಡಲ್' ಎಂಬ ಪುಟ್ಟ ಗೋಪುರವನ್ನು ಹೊತ್ತು ಹೊಳೆಗೆ ಬಿಡುವುದು. ನಮ್ಮ ಬಯಲುಸೀಮೆಯಲ್ಲಿ ಗೌರಿ ಹುಣ್ಣಿಮೆಗೆ ಆರತಿ ಹಿಡಿದು ಹಾಡುತ್ತಾ ಹೋಗುವ ಹುಡುಗಿಯರನ್ನು ನೆನೆದರೆ ಸಾಕು. ಆ ಹಾಡಿಗೆ ಗೊತ್ತಾದ ಪಠ್ಯವಿಲ್ಲ. ಅತ್ತೆಯ ಕಾಟ, ಅಕ್ಕಿಯ ಬೆಲೆ, ಗಂಡನ ಕುಡಿತ ಯಾವುದನ್ನು ಬೇಕಾದರೂ ಮಟ್ಟಿಗೆ ಕೂರಿಸಬಹುದು. ಹೀಗಾಗಿ ಭಾಷೆಯ ಸಂಕಟವೂ ಕೂತಿತು. 1954ರ ಜನವರಿಯಲ್ಲಿ ಜನ ಟುಸು ಹಾಡುತ್ತಲೇ ಬೀದಿಗಿಳಿದರು. ಸರ್ಕಾರ ಸುರಕ್ಷತಾ ಕಾಯ್ದೆ ಹಾಕಿ ಹಾಡುಗಾರರನ್ನು ಹಿಡಿಯಿತು. ಹಾಡು ಕಟ್ಟಿದ್ದ ಸಂಸದ ಭಜಹರಿ ಮಹತೋ ಕೂಡ ಜೈಲು ಸೇರಿದರು. ಸಂಕ್ರಾಂತಿಯ ಹಾಡಿಗೆ ಪೊಲೀಸು ಕರೆಸಿದ ಸರ್ಕಾರಕ್ಕೆ ತಾನು ಸೋತಿದ್ದೇನೆ ಎಂದು ಆಗಲೇ ತಿಳಿಯಬೇಕಿತ್ತು.

ತಿಳಿಯಲಿಲ್ಲ. ರಾಜ್ಯಗಳ ಪುನರ್ವಿಂಗಡಣೆಗೆಂದು ನೇಮಕವಾಗಿದ್ದ ಫಜಲ್ ಅಲಿ ಆಯೋಗ 1955ರಲ್ಲಿ ಪುರುಲಿಯಾ ಉಪವಿಭಾಗವನ್ನು, ಚಾಸ್ ಠಾಣೆಯೊಂದನ್ನು ಬಿಟ್ಟು, ಬಂಗಾಳಕ್ಕೆ ಕೊಡಿ ಎಂದಿತು. ಆದರೆ 1956ರ ಜನವರಿಯಲ್ಲಿ ಬಂಗಾಳದ ಮುಖ್ಯಮಂತ್ರಿ ಬಿಧಾನಚಂದ್ರ ರಾಯ್ ಮತ್ತು ಬಿಹಾರದ ಶ್ರೀಕೃಷ್ಣ ಸಿನ್ಹಾ ಜೊತೆಗೂಡಿ ಇನ್ನೊಂದೇ ಪಟ್ಟು ಹಾಕಿದರು: ಎರಡೂ ರಾಜ್ಯಗಳನ್ನೇ ಒಂದು ಮಾಡಿಬಿಡೋಣ. ಗಡಿಯೇ ಇಲ್ಲದಿದ್ದರೆ ಗಡಿ ಜಗಳವೆಲ್ಲಿ? ಕಾಗದದ ಮೇಲೆ ಬಲು ಜಾಣ ಉಪಾಯ. ಎರಡೂ ಕಡೆಯ ಜನ ಒಪ್ಪಲಿಲ್ಲ.

ಏಪ್ರಿಲ್ 20ರಂದು ಅದೇ ಪಾಕಬಿಡ್ರಾದಿಂದ ಸುಮಾರು ಸಾವಿರ ಜನ ಕಲ್ಕತ್ತಾದ ಕಡೆಗೆ ಹೊರಟರು. ಮುಂದೆ ವಯಸ್ಸಾದ ಅತುಲಚಂದ್ರ ಘೋಷ್, ಸಾಲಿನಲ್ಲಿ ಹೆಂಗಸರೂ ಇದ್ದರು. ಏಪ್ರಿಲ್-ಮೇ ಎಂದರೆ ಆ ಸೀಮೆಯಲ್ಲಿ ಕಲ್ಲು ಸುಡುವ ಬಿಸಿಲು. ಬಾಂಕುರಾ, ಸೋನಾಮುಖಿ, ಬರ್ದ್ವಾನ್, ಚಂದನ್‌ನಗರ, ಹೌರಾ. ಸುಮಾರು 300 ಕಿಲೋಮೀಟರ್ ನಡೆದು ಮೇ 6ಕ್ಕೆ ಕಲ್ಕತ್ತಾ ಮುಟ್ಟಿದರು. ಮರುದಿನ ನಿಷೇಧಾಜ್ಞೆ ಮುರಿದದ್ದಕ್ಕೆ ಬಂಧನ. ಯಾವ ರಾಜ್ಯಕ್ಕೆ ಸೇರಬೇಕೆಂದು ನಡೆದು ಬಂದರೋ ಆ ರಾಜ್ಯದ ಪೊಲೀಸರೇ ಹಿಡಿದು ಒಳಗೆ ಹಾಕಿದ್ದು ಇತಿಹಾಸದ ಕುಚೋದ್ಯ. ವಿಲೀನದ ಯೋಜನೆಯನ್ನು ರಾಯ್ ಆ ಹೊತ್ತಿಗೆ ಕೈಬಿಟ್ಟಿದ್ದರು. ಕಲ್ಕತ್ತಾದ ಒಂದು ಉಪಚುನಾವಣೆಯಲ್ಲಿ ಯೋಜನೆಯ ವಿರೋಧಿ ಗೆದ್ದದ್ದೂ ಅದಕ್ಕೆ ಕಾರಣ. ಆದರೂ ಮೇ ಬಿಸಿಲಿನಲ್ಲಿ ನಡೆದ ಸಾವಿರ ಜೋಡಿ ಕಾಲಿನ ತೂಕ ಕಡಿಮೆಯದಲ್ಲ.

ನವೆಂಬರ್ 1 ಬಂತು, ಪುರುಲಿಯಾ ಬಂಗಾಳಕ್ಕೆ ಬಂತು. ಕತ್ತರಿ ಆಗಲೂ ಸುಮ್ಮನಿರಲಿಲ್ಲ. ಚಾಸ್ ಜೊತೆಗೆ ಚಾಂಡಿಲ್, ಪಟಮದಾ ಕೂಡ ಬಿಹಾರದಲ್ಲೇ ಉಳಿದವು; ಕಲ್ಲಿದ್ದಲಿನ ಧನ್‌ಬಾದ್ ಕೆಲವೇ ದಿನ ಮೊದಲು ಬೇರೆ ಜಿಲ್ಲೆಯಾಗಿ ಕಳಚಿಕೊಂಡಿತ್ತು. ಚಾಸ್ ಪಕ್ಕದಲ್ಲಿ ಮುಂದೆ ಬೊಕಾರೊ ಉಕ್ಕಿನ ಕಾರ್ಖಾನೆ ಎದ್ದಿತು. ಕಲ್ಲಿದ್ದಲು ಒಂದು ಕಡೆ, ಉಕ್ಕು ಒಂದು ಕಡೆ, ಭಾಷೆ ಉಳಿಸಿಕೊಂಡವರ ಪಾಲಿಗೆ ಕೆಂಪು ಮಣ್ಣು. ಕಾಸರಗೋಡಿನ ಹೆಸರು ಕೇಳಿದರೆ ಇಂದಿಗೂ ಒಳಗೇನೋ ಚುಚ್ಚುವ ಕನ್ನಡಿಗರಿಗೆ ಪುರುಲಿಯಾದ ಹಿರಿಯರ ಬಾಯಲ್ಲಿ ಚಾಂಡಿಲ್‌ನ ಹೆಸರು ಹೇಗೆ ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಪಾಕಬಿಡ್ರಾದ ಬಗ್ಗೆ ಇನ್ನೊಂದು ಮಾತು. ಅಲ್ಲಿ ಸುಮಾರು ಸಾವಿರ ವರ್ಷ ಹಿಂದಿನ ಜೈನ ದೇಗುಲಗಳಿವೆ, ಆಳೆತ್ತರವನ್ನೂ ಮೀರಿದ ಕರಿಗಲ್ಲಿನ ದಿಗಂಬರ ತೀರ್ಥಂಕರನಿದ್ದಾನೆ. ಊರವರಿಗೆ ಅವನು ಭೈರವ. ಹೂವು ಏರಿಸುತ್ತಾರೆ, ಹರಕೆ ಹೊರುತ್ತಾರೆ. ದಾಮೋದರ, ಕಂಸಾವತಿ ಕಣಿವೆಗಳ ಉದ್ದಕ್ಕೂ ಇಂಥ ಜೈನ ಅವಶೇಷಗಳು ಹರಡಿವೆ. ಜೈನಧರ್ಮ ಹೋಗಿ ಎಷ್ಟೋ ಶತಮಾನವಾದರೂ ಅದರ ಗುರುತು ಹೊತ್ತ ಒಂದು ಸಮುದಾಯ ಇಲ್ಲಿದೆ: ಸರಾಕರು. ಶ್ರಾವಕ ಶಬ್ದವೇ ಸವೆದು ಸರಾಕವಾಗಿದೆ. ಕಟ್ಟಾ ಸಸ್ಯಾಹಾರಿಗಳು. ಅಡುಗೆ ಮಾಡುವಾಗಲೋ ಉಣ್ಣುವಾಗಲೋ 'ಕತ್ತರಿಸು' ಎಂಬ ಮಾತು ಯಾರ ಬಾಯಿಂದಾದರೂ ಬಿದ್ದರೆ ಮಾಡಿದ ಅಡುಗೆಯನ್ನೇ ಚೆಲ್ಲುತ್ತಿದ್ದರು ಎಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಇಷ್ಟೊಂದು ಸಲ ಕತ್ತರಿಸಿಕೊಂಡ ಜಿಲ್ಲೆಯಲ್ಲಿ ಆ ಮಾತನ್ನೇ ಆಡದ ಜನ!

ದಾಮೋದರದ ದಂಡೆಯ ತೇಲಕುಪಿಯ ದೇಗುಲಗಳಿಗೆ ಪಾಕಬಿಡ್ರಾದ ಅದೃಷ್ಟ ಇರಲಿಲ್ಲ. 1870ರ ದಶಕದಲ್ಲಿ ಪುರಾತತ್ತ್ವ ಇಲಾಖೆಯ ಬೆಗ್ಲರ್ ಅವುಗಳನ್ನು ನೋಡಿ ವಿವರವಾಗಿ ಬರೆದಿದ್ದ. 1950ರ ದಶಕದ ಕೊನೆಗೆ ಪಂಚೇತ್ ಅಣೆಕಟ್ಟಿನ ನೀರು ಏರಿತು, ಗೋಪುರಗಳು ಒಂದೊಂದೇ ಮುಳುಗಿದವು. ಪುರಾತತ್ತ್ವಜ್ಞೆ ದೇಬಲಾ ಮಿತ್ರಾ ಮುಳುಗಿದ ಆ ಜಾಗದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಬೇಸಿಗೆಯಲ್ಲಿ ನೀರು ಇಳಿದಾಗ ಉಳಿದ ಒಂದೆರಡು ಶಿಖರ ಕಾಣುತ್ತವೆ.

ಇನ್ನು ಮಣ್ಣು, ನೀರು. ಛೋಟಾನಾಗ್ಪುರದ ಪ್ರಸ್ಥಭೂಮಿ ಪೂರ್ವಕ್ಕೆ ಇಳಿಯುತ್ತಾ ಬಂಗಾಳದ ಬಯಲನ್ನು ಮುಟ್ಟುವ ಕೊನೆಯ ಮೆಟ್ಟಿಲು ಪುರುಲಿಯಾ. ಬಂಗಾಳಕ್ಕೆ ನೀರು ಹೊರುವ ಹಲವು ಹೊಳೆಗಳು ಇದನ್ನು ಹಾದುಹೋಗುತ್ತವೆ, ಕೆಲವು ಇಲ್ಲೇ ಹುಟ್ಟುತ್ತವೆ: ಊರವರು ಕಾಸಾಯಿ ಎನ್ನುವ ಕಂಸಾವತಿ, ಕುಮಾರಿ, ಶಿಲಾವತಿ, ದ್ವಾರಕೇಶ್ವರ. ಬಡಗಣ ಎಲ್ಲೆ ದಾಮೋದರ, ಪಡುವಣದಲ್ಲಿ ಸುವರ್ಣರೇಖಾ. ಮಳೆಯೇನೂ ಕಡಿಮೆಯಲ್ಲ, ವರ್ಷಕ್ಕೆ 1,100ರಿಂದ 1,500 ಮಿಲಿಮೀಟರ್, ವಿಜಯಪುರದವರಿಗೆ ಕೇಳಿದರೆ ಹೊಟ್ಟೆಕಿಚ್ಚಾಗಬೇಕು. ಆದರೂ ಬರ ಬರುತ್ತದೆ. ಇಳಿಜಾರು ನೆಲ, ತೆಳುವಾದ ಜಂಬಿಟ್ಟಿಗೆ ಮಣ್ಣು, ಕೆಳಗೆ ಬಂಡೆ. ಮೂರು ತಿಂಗಳಲ್ಲಿ ಸುರಿದದ್ದು ನಿಲ್ಲದೆ ಓಡಿಹೋಗುತ್ತದೆ.

ರೈತ ಈ ಇಳಿಜಾರನ್ನು ಹೆಸರಿಟ್ಟು ಅಳೆದಿದ್ದಾನೆ. ಎತ್ತರದ ಒಣ ನೆಲ 'ಟಾಂಡ್', ಅದರ ಕೆಳಗಿನ ಮೆಟ್ಟಿಲು 'ಬಾಯಿದ್', ನಡುವಿನದು 'ಕಾನಾಲಿ', ತಗ್ಗಿನ ಸಾರವಂತ ಗದ್ದೆ 'ಬಹಾಲ್'. ದಕ್ಷಿಣ ಕನ್ನಡದ ಬೆಟ್ಟು, ಮಜಲು, ಬೈಲು ಗದ್ದೆಗಳ ಲೆಕ್ಕವೇ ಇದು. ಮಳೆ ಕೈಕೊಟ್ಟರೆ ಮೊದಲು ಬಾಯಿದ್ ಒಣಗುತ್ತದೆ, ಮತ್ತೆ ಕಾನಾಲಿ. ಬಹಾಲ್ ಇದ್ದವನು ಉಳಿದುಕೊಳ್ಳುತ್ತಾನೆ. ಯಾರ ಕೈಲಿ ಎಷ್ಟು ಬಹಾಲ್ ಇದೆ ಎಂದು ಕೇಳಿದರೆ ಊರಿನ ಸಾಮಾಜಿಕ ಚರಿತ್ರೆ ಅರ್ಧ ಗೊತ್ತಾದಂತೆ. ಬಹಾಲ್ ಇಲ್ಲದವರು ನಾಟಿಗೂ ಕೊಯ್ಲಿಗೂ ಪೂರ್ವದ ಬರ್ದ್ವಾನ್, ಹೂಗ್ಲಿಗಳ ನೀರಾವರಿ ಗದ್ದೆಗಳಿಗೆ ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಅದಕ್ಕೆ 'ನಾಮಾಲ್' ಎನ್ನುತ್ತಾರೆ, ಕೆಳಗಿನ ಸೀಮೆಗೆ ಇಳಿಯುವುದು. ನೀರು ಹೋದ ದಿಕ್ಕಿಗೇ ಆಳೂ ಹೋಗುತ್ತಾನೆ.

ನೀರು ಹಿಡಿಯುವ ಉಪಾಯ ಕೆರೆ. ಇಲ್ಲಿ ಅದರ ಹೆಸರು 'ಬಾಂಧ್'. ಪುರುಲಿಯಾ ಪಟ್ಟಣದ ನಡುವಿನ ಸಾಹೇಬ್ ಬಾಂಧ್ ಎಂಬ ದೊಡ್ಡ ಕೆರೆಯನ್ನು 1840ರ ದಶಕದಲ್ಲಿ ಕರ್ನಲ್ ಟಿಕೆಲ್ ಎಂಬ ಸಾಹೇಬ ಜೈಲಿನ ಕೈದಿಗಳಿಂದ ತೋಡಿಸಿದ. ಹೆಸರು ಸಾಹೇಬನದು, ಬೆವರು ಕೈದಿಗಳದು. ಚಳಿಗಾಲದಲ್ಲಿ ಅಲ್ಲಿಗೆ ವಲಸೆ ಹಕ್ಕಿಗಳು ಬರುತ್ತವೆ.

ಮುತ್ತುಗದ ಮರಕ್ಕೂ ಈ ಜಿಲ್ಲೆಗೂ ಇರುವ ನಂಟು ಈಗ ಪ್ರವಾಸೋದ್ಯಮದ ಚಿತ್ರಪಟಕ್ಕೆ ಇಳಿದಿದೆ. ಫಾಲ್ಗುಣದಲ್ಲಿ ಕಲ್ಕತ್ತಾದವರು ಹೂವು ನೋಡಲು ರೈಲು ತುಂಬಿ ಬರುತ್ತಾರೆ. ಹಳ್ಳಿಯವರಿಗೆ ಮುತ್ತುಗ, ಬೋರೆ, ಕುಸುಮ್ ಮರಗಳ ಬೆಲೆ ಬೇರೆ. ಅವುಗಳ ಎಳೆ ಕೊಂಬೆಗೆ ಕಚ್ಚಿ ರಸ ಹೀರುವ ಹುಳ ಒಸರುವ ಅಂಟೇ ಅರಗು. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವುದೂ ಅರಗೇ. ಝಾಲ್ದಾ, ಬಲರಾಮಪುರಗಳು ಒಂದು ಕಾಲಕ್ಕೆ ಅರಗಿನ ಕಾರ್ಖಾನೆಗಳಿಂದಲೇ ಬದುಕಿದ ಪೇಟೆಗಳು. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಅರಗಿನಿಂದಲೇ ಅಚ್ಚು ಹಾಕುತ್ತಿದ್ದರು. ಪ್ಲಾಸ್ಟಿಕ್ ತಟ್ಟೆ ಬಂದದ್ದೇ ಆ ಬೇಡಿಕೆ ಕರಗಿತು, ಪೇಟೆಗಳು ಸೊರಗಿದವು.

ಛೌ ಕುಣಿತದ ಬಗ್ಗೆ ಹೇಳದೆ ಪುರುಲಿಯಾ ಬಿಡುವಂತಿಲ್ಲ. ಚೈತ್ರದ ಶಿವನ ಗಾಜನ್ ಉತ್ಸವಕ್ಕೆ ಶುರುವಾಗಿ ಮಳೆ ಬೀಳುವವರೆಗೂ ರಾತ್ರಿಯಿಡೀ ಊರೂರಿನ ಬಯಲಲ್ಲಿ ಧಂಸಾ ನಗಾರಿ, ಢೋಲು, ಶೆಹನಾಯಿ. ಮಹಿಷಾಸುರ, ಅಭಿಮನ್ಯು, ಗಣೇಶ. ಯಕ್ಷಗಾನ ನೋಡಿ ಬೆಳೆದವರಿಗೆ ಪ್ರಸಂಗ ಅರ್ಥವಾಗುತ್ತದೆ, ಆದರೆ ಮುಖ ಕಾಣದು. ಭಾವವೆಲ್ಲ ಬಣ್ಣದ ಮುಖವಾಡದಲ್ಲಿ ಹೆಪ್ಪುಗಟ್ಟಿದೆ, ಆದ್ದರಿಂದ ಕುಣಿಯುವವನು ಕತ್ತು, ಭುಜ, ಮಂಡಿಯಲ್ಲಿ ಮಾತಾಡಬೇಕು. ಗಾಳಿಯಲ್ಲಿ ತಿರುಗಿ ಮಂಡಿಯೂರಿ ಬೀಳುವ ನೆಗೆತವನ್ನು ನೋಡಿದರೆ ನಮ್ಮ ಬಡಗುತಿಟ್ಟಿನ ಮಂಡಿ ಕುಣಿತಕ್ಕೂ ಇದಕ್ಕೂ ಒಂದು ಪಂದ್ಯ ಏರ್ಪಡಿಸಬೇಕು ಅನಿಸುತ್ತದೆ. ಮುಖವಾಡಗಳನ್ನು ಮಾಡುವುದು ಅಯೋಧ್ಯಾ ಬೆಟ್ಟದ ಬುಡದ ಚಡಿದಾ ಎಂಬ ಹಳ್ಳಿಯ ಸೂತ್ರಧರರು: ಮಣ್ಣಿನ ಅಚ್ಚಿನ ಮೇಲೆ ಕಾಗದದ ಪದರ, ಬಟ್ಟೆ, ಮತ್ತೆ ಮಣ್ಣು, ಬಣ್ಣ, ಮಣಿ, ಗರಿ. ಗಂಭೀರ್ ಸಿಂಗ್ ಮುಡಾ ಎಂಬ ಕಲಾವಿದರು 1981ರಲ್ಲಿ ಪದ್ಮಶ್ರೀ ಪಡೆದರು. 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಛೌ ಪೂರ್ತಿ. ಅದರ ಮೂರು ಕವಲು ಈಗ ಮೂರು ರಾಜ್ಯಗಳ ಸ್ವತ್ತು: ಪುರುಲಿಯಾ ಬಂಗಾಳಕ್ಕೆ, ಸರಾಯ್‌ಕೇಲಾ ಜಾರ್ಖಂಡಕ್ಕೆ, ಮಯೂರ್‌ಭಂಜ್ ಒಡಿಶಾಕ್ಕೆ. ಕತ್ತರಿ ಕುಣಿತವನ್ನೂ ಬಿಟ್ಟಿಲ್ಲ.

ಈ ನೆಲದ ಇನ್ನೊಂದು ಎಳೆ ನಮ್ಮ ಧಾರವಾಡದವರೆಗೆ ಬರುತ್ತದೆ. ಖೇಡಿಯಾ ಶಬರರು ಪುರುಲಿಯಾದ ಅತಿ ಬಡ ಬುಡಕಟ್ಟು. ಬ್ರಿಟಿಷರು ಅವರನ್ನು 'ಅಪರಾಧಿ ಬುಡಕಟ್ಟು' ಎಂದು ಪಟ್ಟಿ ಮಾಡಿದ್ದರು. ಕಾಯ್ದೆ 1952ರಲ್ಲಿ ಹೋಯಿತು, ಗುಮಾನಿ ಹೋಗಲಿಲ್ಲ. 1998ರ ಫೆಬ್ರುವರಿಯಲ್ಲಿ ಬುಧನ್ ಶಬರ್ ಎಂಬ ಯುವಕ ಬಂಧನದಲ್ಲಿರುವಾಗಲೇ ಸತ್ತ. ಶಬರರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಲೇಖಕಿ ಮಹಾಶ್ವೇತಾ ದೇವಿ ಸುಮ್ಮನಿರಲಿಲ್ಲ. ವಿಷಯ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು, ವಿಧವೆಗೆ ಪರಿಹಾರ ಕೊಡಬೇಕೆಂದು ಆದೇಶವಾಯಿತು. ಅದೇ ವರ್ಷ ಅವರು ಭಾಷಾತಜ್ಞ ಗಣೇಶ ದೇವಿ, ಲೇಖಕ ಲಕ್ಷ್ಮಣ್ ಗಾಯಕ್ವಾಡ್ ಜೊತೆ ಸೇರಿ ದೇಶದ ಅಲೆಮಾರಿ ಬುಡಕಟ್ಟುಗಳ ಹಕ್ಕಿಗಾಗಿ ಸಂಘಟನೆ ಕಟ್ಟಿದರು. ಆ ಗಣೇಶ ದೇವಿಯವರೇ ಕಲಬುರ್ಗಿಯವರ ಹತ್ಯೆಯ ನಂತರ ಧಾರವಾಡಕ್ಕೆ ಬಂದು ನೆಲೆಸಿದ್ದು.

ಅಯೋಧ್ಯಾ ಬೆಟ್ಟದ ಮೇಲೆ ಈಗ 900 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ಇದೆ. ವಿದ್ಯುತ್ ಹೆಚ್ಚಿದ್ದಾಗ ಕೆಳಗಿನ ಕೆರೆಯಿಂದ ಮೇಲಿನ ಕೆರೆಗೆ ನೀರು ಏರಿಸುವುದು, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವುದು. ಶರಾವತಿ ಕಣಿವೆಯ ಯೋಜನೆಯ ಬಗ್ಗೆ ವಾದಿಸುತ್ತಿರುವ ನಮಗೆ ಅದರ ಪರ-ವಿರೋಧ ಎರಡೂ ಪರಿಚಿತ. ಪಕ್ಕದಲ್ಲೇ ತುರ್ಗಾ ಎಂಬ ಎರಡನೇ ಯೋಜನೆ ಹೊರಟಾಗ ಗ್ರಾಮಸಭೆಯ ಒಪ್ಪಿಗೆಯನ್ನು ಸರಿಯಾಗಿ ಪಡೆದಿಲ್ಲ ಎಂದು ಬೆಟ್ಟದ ಆದಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಇಂದಿನ ಆಡಳಿತದ ಲೆಕ್ಕ ಚಿಕ್ಕದಾಗಿ: ಪುರುಲಿಯಾ ಸದರ್, ರಘುನಾಥಪುರ, 2017ರಲ್ಲಿ ಹೊಸದಾಗಿ ಆದ ಝಾಲ್ದಾ ಮತ್ತು ಮಾನ್‌ಬಜಾರ್, ಹೀಗೆ ನಾಲ್ಕು ಉಪವಿಭಾಗ; 20 ಬ್ಲಾಕು, 170 ಗ್ರಾಮ ಪಂಚಾಯಿತಿ, ಮೂರು ಪುರಸಭೆ. 2011ರ ಗಣತಿಯಂತೆ 29.3 ಲಕ್ಷ ಜನ. 1838ರಲ್ಲಿ ಜಿಲ್ಲಾ ಕೇಂದ್ರದ ಪಟ್ಟ ಕಳೆದುಕೊಂಡಿದ್ದ ಮಾನ್‌ಬಜಾರ್‌ಗೆ ಉಪವಿಭಾಗದ ಪಟ್ಟ ಸಿಕ್ಕಲು 179 ವರ್ಷ ಬೇಕಾಯಿತು. ಒಂಬತ್ತು ವಿಧಾನಸಭಾ ಕ್ಷೇತ್ರಗಳಲ್ಲಿ ಏಳು ಪುರುಲಿಯಾ ಲೋಕಸಭೆಗೆ, ಬಾಂದ್ವಾನ್ ಝಾರ್‌ಗ್ರಾಮಕ್ಕೆ, ರಘುನಾಥಪುರ ಬಾಂಕುರಾಕ್ಕೆ. ಭಾಷೆಯ ಗೆರೆಯೂ ನಿಂತಿಲ್ಲ. ಬಂಗಾಳಿಗಾಗಿ ನಡೆದವರ ಸಾಲಿನಲ್ಲಿದ್ದ ಕುರ್ಮಿ ಮಹತೋಗಳ ಮೊಮ್ಮಕ್ಕಳು ಈಗ ತಮ್ಮ ಕುರ್ಮಾಲಿಗೆ ಮನ್ನಣೆ ಕೇಳುತ್ತಿದ್ದಾರೆ, ಪರಿಶಿಷ್ಟ ಪಂಗಡದ ಸ್ಥಾನಕ್ಕಾಗಿ 2022ರಲ್ಲಿ, 2023ರಲ್ಲಿ ಕುಸ್ತೌರ್ ನಿಲ್ದಾಣದಲ್ಲಿ ದಿನಗಟ್ಟಲೆ ರೈಲು ತಡೆದು ಕೂತರು.

ಸುವರ್ಣರೇಖೆಯ ಈಚೆ ದಡದಲ್ಲಿ ಪುರುಲಿಯಾದ ತುಲಿನ್, ಆಚೆ ದಡದಲ್ಲಿ ಜಾರ್ಖಂಡದ ಮೂರಿ. ನಡುವೆ ರೈಲಿನ ಸೇತುವೆ, ಕೆಳಗೆ ಚಳಿಗಾಲದ ತೆಳು ನೀರು. ಸಂಕ್ರಾಂತಿಗೆ ಎರಡೂ ಸೀಮೆಯ ಹೆಂಗಸರು ಟುಸು ಹಾಡುತ್ತಾ ಚೌಡಲ್ ಹೊತ್ತು ಹೊಳೆಗೆ ಇಳಿಯುತ್ತಾರೆ. ನಾಮಾಲ್‌ಗೆ ಹೋದವರಲ್ಲಿ ಬಹಳಷ್ಟು ಮಂದಿ ಆ ಹೊತ್ತಿಗೆ ಕೊಯ್ಲು ಮುಗಿಸಿ ಮನೆ ಸೇರಿರುತ್ತಾರೆ. ಬಣ್ಣದ ಕಾಗದ ನೆನೆದು ಬಿಡುತ್ತದೆ, ಬಿದಿರಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ಕಲ್ಲುಗಳ ನಡುವೆ ತೇಲುತ್ತಾ ಕೆಳಗೆ ಚಾಂಡಿಲ್‌ನ ಕಡೆಗೆ ಹೋಗುತ್ತವೆ.